ಹತ್ತು ಮನೆಯ ಹಿತ್ತಲು: ಮಲೆನಾಡಿನ ಕೇರಿಯೊಂದರಲ್ಲಿ ಬೆಳೆದು, ಹಂಚಿ, ಉಣ್ಣುವ ಕ್ರಮ

ಮೊದಲ ವರ್ಷ ನಾವು ಮಾಡಿದ ತಪ್ಪಿನಿಂದಲೇ ಈ ಬರಹವನ್ನು ಆರಂಭಿಸುವುದು ಸರಿ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಮ್ಮ ಕೇರಿಯಲ್ಲಿ ಹತ್ತು ಮನೆಗಳಿವೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟವೋ, ಗದ್ದೆಯೋ, ಒಂದು ಹಳ್ಳವೋ ಇರುತ್ತದೆ. ಬೆಳೆದದ್ದನ್ನು ಹಂಚಿಕೊಂಡು ತಿನ್ನೋಣ ಎಂದು ಬೇಸಿಗೆಯಲ್ಲಿ ಎಲ್ಲರೂ ಮಾತಾಡಿಕೊಂಡೆವು, ಆದರೆ ಯಾರು ಏನು ಬೆಳೆಯಬೇಕೆಂಬುದನ್ನು ಮಾತಾಡಲಿಲ್ಲ. ಶ್ರಾವಣ ಬರುವ ಹೊತ್ತಿಗೆ ಎಂಟು ಮನೆಗಳ ಚಪ್ಪರದಲ್ಲಿ ಸೌತೆಕಾಯಿ ಜೋತಾಡುತ್ತಿತ್ತು. ಬುಟ್ಟಿ ಹಿಡಿದು ಕೊಡಲು ಹೋದವರು ಅಲ್ಲಿಂದ ಸೌತೆಕಾಯಿಯನ್ನೇ ಹೊತ್ತು ಬಂದರು. ಕೊಟ್ಟಿಗೆಯ ದನಗಳೂ ಮೂಸಿ ಮುಖ ತಿರುಗಿಸಿದ ಅದೇ ವಾರ ಹತ್ತು ಮನೆಯವರೂ ಬೀನ್ಸ್, ಎಲೆಕೋಸು ತರಲು ಸಂತೆಗೆ ಹೋಗಿದ್ದೆವು. ಹಂಚಿಕೆಯು ಬೀಜ ಮಣ್ಣಿಗೆ ಬೀಳುವ ಮೊದಲೇ ತೀರ್ಮಾನವಾಗಬೇಕಾದ ವಿಷಯವೆಂದು ನಮಗೆ ತಿಳಿದದ್ದು ಹೀಗೆ.

ಬಿತ್ತುವ ಮೊದಲು ಸೇರುವುದು

ಯುಗಾದಿ ಕಳೆದು, ಕೃತ್ತಿಕೆ ಮಳೆ ಹನಿಯುವ ಮೊದಲು, ಅಂದರೆ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದೊಳಗೆ, ಮನೆಗೊಬ್ಬರಂತೆ ಒಂದು ಸಂಜೆ ಸೇರಬೇಕು. ಆ ಒಬ್ಬರು ಹಿತ್ತಲಿನಲ್ಲಿ ನಿಜವಾಗಿ ದುಡಿಯುವವರಾಗಿರಲಿ. ಯಜಮಾನರು ಬಂದು ಒಪ್ಪಿಕೊಂಡ ಬೆಳೆಯನ್ನು ಮನೆಯಾಕೆ ಬೆಳೆಯದೆ ಬಿಟ್ಟ ಉದಾಹರಣೆಗಳು ನಮ್ಮಲ್ಲಿವೆ. ಒಂದು ನೋಟುಪುಸ್ತಕದಲ್ಲಿ ಪ್ರತಿ ಮನೆಯ ಹಿತ್ತಲಿನ ಮೂರು ಸಂಗತಿಗಳನ್ನು ಬರೆದುಕೊಳ್ಳಿ: ಮಳೆಗಾಲದಲ್ಲಿ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ನೀರು ನಿಲ್ಲುತ್ತದೆಯೇ, ಬೇಸಿಗೆಯಲ್ಲಿ ಬಾವಿ ಅಥವಾ ಕೆರೆಯ ನೀರು ಎಲ್ಲಿಯವರೆಗೆ ಸಿಗುತ್ತದೆ. ತೋಟದಂಚಿನ ನೆರಳಿನ ಮನೆಗೆ ಕೆಸು, ಅರಿಶಿನ, ಸುವರ್ಣಗೆಡ್ಡೆ ಒಪ್ಪುತ್ತವೆ. ಅಂಗಳ ತೆರೆದಿರುವ ಮನೆಗೆ ಹೀರೆ, ಹಾಗಲ, ಬೆಂಡೆಯನ್ನು ವಹಿಸಬಹುದು. ಬಚ್ಚಲ ನೀರು ಹರಿದುಹೋಗುವ ಜಾಗ ಎಲ್ಲ ಮನೆಗಳಲ್ಲೂ ಇರುವುದರಿಂದ ಬಸಳೆಯನ್ನು ಹಂಚಿಕೆಯ ಪಟ್ಟಿಯಲ್ಲಿ ಸೇರಿಸುವ ಅಗತ್ಯವೇ ಇಲ್ಲ, ಅದು ಪ್ರತಿ ಮನೆಯಲ್ಲೂ ಬೆಳೆಯಲಿ.

ಹಂಚಿಕೊಳ್ಳುವಾಗ ಪ್ರತಿ ಬೆಳೆಯನ್ನೂ ಎರಡು ಮನೆಗಳಿಗೆ ಕೊಡಬೇಕು, ಮೂರಕ್ಕೆ ಕೊಡಬಾರದು. ಒಂದೇ ಮನೆಗೆ ಕೊಟ್ಟರೆ ಒಂದು ರಾತ್ರಿ ಹಂದಿ ನುಗ್ಗಿದಾಗ ಇಡೀ ಕೇರಿಗೆ ಆ ವರ್ಷ ಅದು ಇಲ್ಲವಾಗುತ್ತದೆ. ಮೂರಕ್ಕೆ ಕೊಟ್ಟರೆ ನಮ್ಮ ಸೌತೆಕಾಯಿಯ ಕಥೆ ಮತ್ತೆ ಆರಂಭವಾಗುತ್ತದೆ. ಮನೆಗೆ ಬೇಕಾದ ಒಂದೆರಡು ಬಳ್ಳಿಯನ್ನು ಯಾರು ಏನು ಬೇಕಾದರೂ ಹಾಕಿಕೊಳ್ಳಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಮಲೆನಾಡಿನಲ್ಲಿ ಹಿತ್ತಲು ಎರಡು ಕಾಲದ್ದು ಎಂಬುದನ್ನು ಪಟ್ಟಿ ಮಾಡುವಾಗಲೇ ನೆನಪಿಡಬೇಕು. ಮಳೆಗಾಲದ್ದು ಸೌತೆ, ಹೀರೆ, ಹಾಗಲ, ಬೆಂಡೆ, ಕೆಸುವಿನ ಹಿತ್ತಲು. ಭತ್ತದ ಕೊಯ್ಲು ಮುಗಿದ ಮೇಲೆ, ಡಿಸೆಂಬರ್‌ನಿಂದ, ಗದ್ದೆಯಲ್ಲಿ ಉಳಿದ ತೇವವನ್ನೂ ಹತ್ತಿರದ ನೀರನ್ನೂ ನಂಬಿ ಹಾಕುವ ಹರಿವೆ, ಅಲಸಂದೆ, ಬದನೆ, ಚೀನಿಕಾಯಿ (ಸಿಹಿಗುಂಬಳ) ಮತ್ತು ಮೊಗೆಕಾಯಿ (ಸಾಂಬಾರ್ ಸೌತೆ) ಇನ್ನೊಂದು. ಎರಡನೆಯದನ್ನು ಅನೇಕರು ಈಗ ಕೈಬಿಟ್ಟಿದ್ದಾರೆ. ಆದರೆ ಮುಂದಿನ ಮಳೆಗಾಲದ ಊಟ ನಿಂತಿರುವುದು ಅದರ ಮೇಲೆಯೇ: ಬೇಸಿಗೆಯಲ್ಲಿ ಕೊಯ್ದ ಮೊಗೆಕಾಯಿಯನ್ನು ಬಾಳೆಪಟ್ಟೆಯ ಹಗ್ಗದಲ್ಲಿ ಕಟ್ಟಿ ಅಟ್ಟದ ಜಂತಿಗೆ ನೇತುಹಾಕಿದರೆ, ಒಂದಕ್ಕೊಂದು ತಾಗದಂತೆ ನೋಡಿಕೊಂಡರೆ, ಆಶ್ಲೇಷ ಮಳೆ ಜಡಿಯುವ ಆಗಸ್ಟ್ ತಿಂಗಳಲ್ಲೂ ಅದು ಕೆಡದೆ ಇರುತ್ತದೆ. ಚೀನಿಕಾಯಿಯನ್ನು ತೊಟ್ಟಿನ ಸಮೇತ ಕೊಯ್ದು ಹಲಗೆಯ ಮೇಲೆ ಇಟ್ಟರೂ ಸಾಕು.

ಮಣ್ಣು ಮತ್ತು ನೀರು

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಹೆಚ್ಚು. ಹೊಸನಗರ, ತೀರ್ಥಹಳ್ಳಿ, ಸಾಗರದ ಘಟ್ಟದಂಚಿನ ಊರುಗಳಲ್ಲಿ ತರಕಾರಿ ಗಿಡ ಸಾಯುವುದು ನೀರಿಲ್ಲದೆ ಅಲ್ಲ, ಬೇರು ಉಸಿರುಕಟ್ಟಿ. ಆದ್ದರಿಂದ ಮಳೆಗಾಲದ ಹಿತ್ತಲಿಗೆ ಏರುಮಡಿಯೇ ಗತಿ. ಮೂರು ಅಡಿ ಅಗಲ, ಒಂದು ಅಡಿ ಎತ್ತರದ ಮಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಮಾಡಿ, ನಡುವೆ ಬಸಿಗಾಲುವೆ ತೆಗೆದು, ಕಾಲುವೆಯ ಕೊನೆ ಎಲ್ಲಿಗೆ ಹೋಗುತ್ತದೆಂದು ಒಂದು ಕೊಡ ನೀರು ಸುರಿದು ನೋಡಬೇಕು. ಮಡಿಯ ಅಂಚಿಗೆ ಅಡಿಕೆ ಮರ ಸೀಳಿದ ದಬ್ಬೆಯನ್ನು ಕೊಟ್ಟರೆ ಮಣ್ಣು ಜಾರುವುದಿಲ್ಲ. ಶಿಕಾರಿಪುರ, ಸೊರಬದ ಅರೆಮಲೆನಾಡಿನ ಕಡೆ ಅರ್ಧ ಅಡಿ ಎತ್ತರ ಸಾಕು, ಅಲ್ಲಿ ಮಳೆ ಬಿಟ್ಟ ಮೇಲೆ ತೇವ ಹಿಡಿದಿಡುವ ಚಿಂತೆಯೇ ಹೆಚ್ಚು.

ಜಂಬಿಟ್ಟಿಗೆಯ ಕೆಂಪು ಮಣ್ಣಿನಿಂದ ಮಳೆಯು ಸುಣ್ಣದ ಅಂಶವನ್ನು ತೊಳೆದು ಒಯ್ಯುವುದರಿಂದ ನಮ್ಮ ಮಣ್ಣು ಹುಳಿ. ಮಳೆಗೆ ಒಂದು ತಿಂಗಳು ಮೊದಲು ಸುಣ್ಣವನ್ನೋ ಒಲೆಯ ಬೂದಿಯನ್ನೋ ಮಣ್ಣಿಗೆ ಬೆರೆಸುವುದು ಹಳೆಯ ಕ್ರಮ. ಆದರೆ ಬೂದಿಯನ್ನೂ ಹಸಿ ಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಎಷ್ಟು ಸುಣ್ಣ ಬೇಕೆಂದು ಊಹಿಸುವ ಬದಲು ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಆನಂದಪುರದ ಬಳಿಯ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ, ಶಿವಮೊಗ್ಗದ ನವಿಲೆಯಲ್ಲಿ ಅದರ ಕೃಷಿ ಕಾಲೇಜಿದೆ. ಕೇರಿಯ ಯಾರಾದರೊಬ್ಬರು ಆ ಕಡೆ ಹೋಗುವಾಗ ಹತ್ತು ಮನೆಯ ಮಣ್ಣಿನ ವಿಷಯವನ್ನೂ ವಿಚಾರಿಸಿಕೊಂಡು ಬರಬಹುದು.

ಮಡಿಗೆ ಹೊದಿಸುವ ದರಗನ್ನು, ಅಂದರೆ ಉದುರಿದ ಒಣ ಎಲೆಯನ್ನು, ಸೊಪ್ಪಿನಬೆಟ್ಟದಿಂದ ತರುವವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗುಗಳು ಒಣ ದರಗಿನಲ್ಲಿ ಇರುತ್ತವೆ, ಕಾಯಿಲೆಯ ಕಾಲವೂ ದರಗು ಗುಡಿಸುವ ಕಾಲವೂ ಒಂದೇ: ಚಳಿಗಾಲದಿಂದ ಮುಂಗಾರಿನವರೆಗೆ. ಮೈತುಂಬ ಬಟ್ಟೆ ಹಾಕಿ, ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿಕೊಂಡು ಹೋಗಬೇಕು. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಕುದಿನೀರಿಗೆ ಹಾಕಬೇಕು. ಮಂಗ ಸತ್ತ ಸುದ್ದಿಯಿರುವ ಬೆಟ್ಟದ ಕಡೆ ಆ ವರ್ಷ ಹೋಗುವುದೇ ಬೇಡ, ಅಡಿಕೆ ಸೋಗೆಯೇ ಹೊದಿಕೆಗೆ ಸಾಕಾಗುತ್ತದೆ.

ಬೀಜದ ಮನೆ

ಇಡೀ ಏರ್ಪಾಡಿನಲ್ಲಿ ಹೆಚ್ಚು ಗಮನ ಬೇಡುವುದು ಬೀಜ. ಬೆಳೆಯನ್ನು ಎರಡು ಮನೆಗೆ ಕೊಟ್ಟರೂ ಅದರ ಬೀಜ ಉಳಿಸುವ ಹೊಣೆ ಒಂದೇ ಮನೆಯದಾಗಿರಬೇಕು, ಇಲ್ಲವಾದರೆ ಇವರು ಇಟ್ಟಿದ್ದಾರೆಂದು ಅವರು, ಅವರು ಇಟ್ಟಿದ್ದಾರೆಂದು ಇವರು ಸುಮ್ಮನಿರುತ್ತಾರೆ. ಅಂಗಡಿಯ ಪ್ಯಾಕೆಟ್ಟಿನ ಹೈಬ್ರಿಡ್ ಬೀಜದಿಂದ ಬಂದ ಕಾಯಿಯ ಬೀಜವನ್ನು ಇಡುವುದರಿಂದ ಪ್ರಯೋಜನವಿಲ್ಲ, ಮುಂದಿನ ಬೆಳೆ ಒಂದೊಂದು ಬಳ್ಳಿಯಲ್ಲಿ ಒಂದೊಂದು ಬಗೆಯಾಗುತ್ತದೆ. ಊರಿನಲ್ಲಿ ತಲೆಮಾರಿನಿಂದ ಬಂದ ಜಾತಿಯನ್ನೇ ಹುಡುಕಿ ತರಬೇಕು; ತವರುಮನೆಗೆ ಹೋಗಿ ಬರುವ ಹೆಣ್ಣುಮಕ್ಕಳ ಕೈಚೀಲಕ್ಕಿಂತ ಒಳ್ಳೆಯ ಬೀಜಭಂಡಾರವನ್ನು ನಾನು ಕಂಡಿಲ್ಲ.

ಬಳ್ಳಿಯ ಮೊದಲ ಕಾಯಿಯನ್ನೂ ಕಡೆಯ ಕಾಯಿಗಳನ್ನೂ ಬಿಟ್ಟು, ನಡುವೆ ಬಂದ ಚೆನ್ನಾದ ಕಾಯಿಯನ್ನು ಬೀಜಕ್ಕೆ ಬಿಡಬೇಕು. ಒಂದೇ ಬಳ್ಳಿಯಿಂದ ತೆಗೆಯದೆ ನಾಲ್ಕೈದು ಬಳ್ಳಿಗಳಿಂದ ಒಂದೊಂದು ತೆಗೆದುಕೊಂಡರೆ ಜಾತಿ ಸೊರಗುವುದಿಲ್ಲ. ನಮ್ಮ ಆಚೆಮನೆಯ ಅಜ್ಜಿ ಹೇಳಿದ ಮಾತು: "ಬೀಜದ ಕಾಯಿಗೆ ಕೆಂಪು ದಾರ ಕಟ್ಟು ಮಗಾ, ಇಲ್ದಿದ್ರೆ ಯಾರಾದ್ರೂ ಕೊಯ್ದು ಹುಳಿಗೆ ಹಾಕಿಬಿಡ್ತಾರೆ." ದಾರ ಕಟ್ಟದೆ ಬಿಟ್ಟ ನನ್ನ ಹೀರೆಕಾಯಿಗೆ ಆ ವರ್ಷ ಅದೇ ಗತಿಯಾಯಿತು, ಕೊಯ್ದವನು ನಾನೇ.

ಹೀರೆಯನ್ನು ಬಳ್ಳಿಯಲ್ಲೇ ಒಣಗಲು ಬಿಡಬೇಕೆಂದು ಬಯಲುಸೀಮೆಯವರು ಹೇಳುತ್ತಾರೆ. ಇಲ್ಲಿ ಹಾಗೆ ಬಿಟ್ಟರೆ ಕೊಳೆಯುತ್ತದೆ. ಬಲಿತ ಮೇಲೆ ತೊಟ್ಟು ಸಮೇತ ಕೊಯ್ದು, ಹಿಂದೆ ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟುತ್ತಿದ್ದರು. ಈಗ ಅಡುಗೆಮನೆಗೆ ಗ್ಯಾಸ್ ಬಂದಿರುವುದರಿಂದ ಬಚ್ಚಲ ಹಂಡೆಯ ಒಲೆಯ ಮೇಲ್ಗಡೆ ಕಟ್ಟಬೇಕು. ಅಲ್ಲಾಡಿಸಿದಾಗ ಬೀಜ ಗಲಗಲ ಎಂದರೆ ತೆಗೆಯಬಹುದು. ಸೌತೆ, ಮೊಗೆಯ ಬೀಜವನ್ನು ತಿರುಳಿನ ಸಮೇತ ಒಂದೆರಡು ದಿನ ನೀರಿನಲ್ಲಿ ಹುಳಿಯಲು ಬಿಟ್ಟು, ತೇಲಿದ ಜೊಳ್ಳನ್ನು ಚೆಲ್ಲಿ, ಮುಳುಗಿದ್ದನ್ನು ತೊಳೆದು ನೆರಳಿನಲ್ಲಿ ಒಣಗಿಸಬೇಕು. ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿಡುವ ಪದ್ಧತಿಯೂ ಇದೆ, ಅದಕ್ಕೆ ಮಣ್ಣಿನ ಗೋಡೆ ಬೇಕು. ಸಿಮೆಂಟಿನ ಮನೆಯವರು ಜರಡಿ ಹಿಡಿದ ಬೂದಿಯೊಂದಿಗೆ ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಬೆಳೆದ ವರ್ಷವನ್ನು ಚೀಟಿಯಲ್ಲಿ ಬರೆದು ಅಂಟಿಸಲಿ. ಅಲಸಂದೆಗೆ ಹುಳ ಬೇಗ ಹಿಡಿಯುತ್ತದೆ, ಅದಕ್ಕೆ ಬೂದಿ ಧಾರಾಳವಾಗಿರಲಿ.

ಒಂದೇ ಬೆಳೆಯ ಎರಡು ಜಾತಿಗಳನ್ನು ಹತ್ತಿರ ಹಾಕಿದರೆ ಜೇನುನೊಣವು ಎರಡನ್ನೂ ಬೆರೆಸಿಬಿಡುತ್ತದೆ. ಕೆಂಪು ಹರಿವೆ, ಹಸಿರು ಹರಿವೆಯಲ್ಲಿ ಗಾಳಿಯೇ ಆ ಕೆಲಸ ಮಾಡುತ್ತದೆ. ಆದ್ದರಿಂದ ಕೇರಿಗೆಲ್ಲ ಒಂದೇ ಜಾತಿಯ ಹೀರೆ, ಒಂದೇ ಜಾತಿಯ ಹಾಗಲ ಎಂದು ನಿಶ್ಚಯಿಸುವುದು ಬೀಜದ ದೃಷ್ಟಿಯಿಂದಲೂ ಲಾಭ. ಎರಡು ಜಾತಿ ಬೇಕೇ ಬೇಕೆನ್ನುವವರು ಅರಳುವ ಮೊದಲೇ ಹೆಣ್ಣುಹೂವಿಗೂ ಗಂಡುಹೂವಿಗೂ ತೆಳು ಬಟ್ಟೆ ಕಟ್ಟಿ, ಅರಳಿದ ಮೇಲೆ ಕೈಯಲ್ಲಿ ಪರಾಗ ಮುಟ್ಟಿಸಿ, ಮತ್ತೆ ಕಟ್ಟಬೇಕು. ಸೌತೆಯ ಹೂವು ಬೆಳಿಗ್ಗೆ ಅರಳುತ್ತದೆ, ಹೀರೆಯದು ಸಂಜೆ. ಅಲಸಂದೆಗೆ ಈ ತೊಂದರೆ ಹೆಚ್ಚಿಲ್ಲ.

ರೋಹಿಣಿ ಮಳೆಯ ಹೊತ್ತಿಗೆ, ಮೇ ಕೊನೆಯಲ್ಲಿ, ಪ್ರತಿ ಬಾಟಲಿಯಿಂದ ಹತ್ತು ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಬೇಕು. ವಾರದಲ್ಲಿ ಏಳಾದರೂ ಮೊಳೆತರೆ ಬೀಜ ಚೆನ್ನಾಗಿದೆ. ನಾಲ್ಕೇ ಮೊಳೆತರೆ ಎರಡು ಪಟ್ಟು ಬಿತ್ತಬೇಕು. ಜೂನ್ ಎರಡನೆಯ ವಾರ ಮೃಗಶಿರ ಹಿಡಿಯುವ ಮೊದಲು ಬೀಜ ಎಲ್ಲರ ಕೈ ಸೇರಿರಬೇಕು. ಮೊಳಕೆಯ ಮೇಲೆ ಜಡಿಮಳೆ ನೇರ ಬೀಳದಂತೆ ಮೊದಲ ಎರಡು ವಾರ ಸೋಗೆ ಮುಚ್ಚಿ.

ಮಂಗ, ಬಸವನಹುಳು, ನೊಣ

ಮಂಗನಿಗೆ ಪರಿಹಾರವಿದೆ ಎಂದು ಹೇಳುವವರನ್ನು ನಂಬಬೇಡಿ. ಮಂಗ ಅಷ್ಟಾಗಿ ಮುಟ್ಟದ ಹಾಗಲ, ಕೆಸು, ಅರಿಶಿನ, ಸೂಜಿಮೆಣಸನ್ನು ಕಾಡಿನಂಚಿಗೂ, ಇಷ್ಟಪಡುವುದನ್ನು ಮನೆಯ ಅಂಗಳದ ಹತ್ತಿರಕ್ಕೂ ಹಾಕುವುದಷ್ಟೇ ನಮ್ಮ ಕೈಯಲ್ಲಿದೆ. ಬಸವನಹುಳುವಿಗೆ ಸಂಜೆ ಒದ್ದೆ ಗೋಣಿಚೀಲ ಹಾಸಿ, ರಾತ್ರಿ ಟಾರ್ಚು ಹಿಡಿದು ಆರಿಸಿ ಉಪ್ಪುನೀರಿಗೆ ಹಾಕಬೇಕು. ಹಣ್ಣುನೊಣ ಚುಚ್ಚಿದ ಹಾಗಲ, ಹೀರೆ ಉದುರಿದ್ದನ್ನು ಅಲ್ಲೇ ಬಿಟ್ಟರೆ ನೊಣದ ಸಂತತಿಯನ್ನು ನಾವೇ ಸಾಕಿದಂತಾಗುತ್ತದೆ, ಆಳದ ಗುಂಡಿಗೆ ಹಾಕಿ ಮುಚ್ಚಿ. ಎಳೆಯ ಕಾಯಿಗೆ ಹಳೆಯ ಪತ್ರಿಕೆ ಸುತ್ತಬಹುದು. ಇದನ್ನು ಒಂದು ಮನೆ ಮಾಡಿ ಪಕ್ಕದ ಮನೆ ಮಾಡದಿದ್ದರೆ ಫಲವಿಲ್ಲ.

ಹಂಚುವ ಕ್ರಮ

ಹಂಚಿಕೆಗೆ ಒಂದು ದಿನ, ಒಂದು ಜಾಗ ಇರಬೇಕು. ದಿನವು ಊರಿನ ಸಂತೆಯ ಹಿಂದಿನ ದಿನವಾಗಿದ್ದರೆ ಒಳ್ಳೆಯದು: ಮನೆಗೆ ಏನು ಬಂತೆಂದು ತಿಳಿದ ಮೇಲೆ ಸಂತೆಯಿಂದ ಏನು ತರಬೇಕೆಂಬುದು ತಾನಾಗಿ ತೀರ್ಮಾನವಾಗುತ್ತದೆ. ಜಾಗ ಯಾರ ಮನೆಯೂ ಆಗಿರಬಾರದು. ನಾವು ಹಾಲಿನ ಡೈರಿಯ ಜಗುಲಿಯನ್ನು ಆರಿಸಿಕೊಂಡೆವು, ಏಕೆಂದರೆ ಹಾಲು ಹಾಕುವವರೂ ಕೊಳ್ಳುವವರೂ ದಿನಕ್ಕೆರಡು ಬಾರಿ ಹೇಗೂ ಅಲ್ಲಿಗೆ ಹೋಗುತ್ತಾರೆ. ಸಂಜೆಯ ಹಾಲಿಗೆ ಬರುವಾಗ ತಂದದ್ದನ್ನು ಬುಟ್ಟಿಯಲ್ಲಿಟ್ಟು ಹೋಗುವುದು, ಬೆಳಗಿನ ಹಾಲಿಗೆ ಬರುವಾಗ ಬೇಕಾದ್ದನ್ನು ಒಯ್ಯುವುದು.

ಇಡುವುದಕ್ಕೂ ಒಯ್ಯುವುದಕ್ಕೂ ನಡುವೆ ಒಂದು ರಾತ್ರಿ ಇರುವುದು ಕಾಕತಾಳೀಯವಲ್ಲ, ಅದನ್ನು ಬೇಕೆಂದೇ ಇಟ್ಟಿದ್ದೇವೆ. ಹಿತ್ತಲೇ ಇಲ್ಲದ ಮನೆಗಳು ಪ್ರತಿ ಊರಿನಲ್ಲೂ ಇವೆ: ಕೂಲಿಗೆ ಬಂದು ಲೈನುಮನೆಯಲ್ಲಿ ಇರುವವರು, ಒಂಟಿ ಮುದುಕಿಯರು, ಅಂಗನವಾಡಿಗೆ ಬೇರೆ ಊರಿನಿಂದ ಬಂದ ಕಾರ್ಯಕರ್ತೆ. ಎದುರಿಗೆ ನಿಂತು ಕೊಟ್ಟರೆ ಅವರಿಗೆ ಅದು ದಾನವಾಗುತ್ತದೆ, ಎರಡನೆಯ ಬಾರಿ ಅವರು ಬರುವುದಿಲ್ಲ. ಯಾರು ಇಟ್ಟರು, ಯಾರು ಒಯ್ದರು ಎಂದು ನೋಡುವವರಿಲ್ಲದಾಗ ಮಾತ್ರ ಅವರ ಕೈ ಬುಟ್ಟಿಗೆ ಹೋಗುತ್ತದೆ. ಆದ್ದರಿಂದ ತರಕಾರಿಗೆ ತೂಕವೂ ಬೇಡ, ಲೆಕ್ಕವೂ ಬೇಡ. ನೋಟುಪುಸ್ತಕದಲ್ಲಿ ಬೀಜದ ಲೆಕ್ಕ ಮಾತ್ರ ಇರಲಿ: ಯಾವ ಮನೆಯಿಂದ ಯಾವ ಬೀಜ ಹೋಯಿತು, ಕೊಯ್ಲಿನ ನಂತರ ಎರಡು ಪಟ್ಟು ಹಿಂತಿರುಗಿತೇ ಎಂದು.

ಲೆಕ್ಕವಿಲ್ಲದಿದ್ದರೆ ಕೆಲವರು ಇಡದೆಯೇ ಒಯ್ಯುತ್ತಾರೆಂಬ ಆಕ್ಷೇಪ ನಮ್ಮಲ್ಲೂ ಬಂತು. ಒಯ್ಯುತ್ತಾರೆ, ನಿಜ. ಅಂಥವರಿಂದ ಕೇರಿಗೆ ಆಗುವ ನಷ್ಟ ಎರಡು ಹಿಡಿ ಬೆಂಡೆಕಾಯಿ. ಲೆಕ್ಕ ಇಡಲು ಹೋದರೆ ಆಗುವುದು ಜಗಳ. ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಂತೆ ಆಳಾಗಿ ಹೋಗುವ ಮುಯ್ಯಾಳಿನ ಪದ್ಧತಿಯಲ್ಲಿ ಹಿರಿಯರು ನಾಟಿಗೆ ಆಳಿನ ಲೆಕ್ಕ ಇಟ್ಟರು, ಆದರೆ ಮಜ್ಜಿಗೆಯ ಲೆಕ್ಕ ಯಾವ ಮನೆಯಲ್ಲೂ ಇಡಲಿಲ್ಲ. ಮಾರಾಟವನ್ನು ಈ ಬುಟ್ಟಿಗೆ ಬೆರೆಸುವುದು ಮಾತ್ರ ಬೇಡವೇ ಬೇಡ. ಮಾರುವಷ್ಟು ಬೆಳೆದವರು ಮಾರಲಿ, ಅದು ಬೇರೆ ದಿನ, ಬೇರೆ ಜಾಗ.

ಕೆಲವನ್ನು ಬುಟ್ಟಿಗೆ ಹಾಕುವಾಗ ಎಚ್ಚರ ಬೇಕು. ಕಾಡಿನ ಅಣಬೆಯನ್ನು ಗುರುತು ಬಲ್ಲವರು ತಮ್ಮ ಮನೆಗೆ ತಂದುಕೊಳ್ಳಲಿ, ಬುಟ್ಟಿಗೆ ಹಾಕಬಾರದು. ಕಳಲೆಯನ್ನು, ಅಂದರೆ ಬಿದಿರಿನ ಮೊಳಕೆಯನ್ನು, ಹಸಿಯಾಗಿ ಇಡಬಾರದು: ಅದರಲ್ಲಿ ಸೈನೈಡ್ ಬಿಡುವ ವಿಷದ ಅಂಶವಿರುವುದರಿಂದ ತೆಳ್ಳಗೆ ಹೆಚ್ಚಿ, ಮೂರು ದಿನ ನೀರಿನಲ್ಲಿಟ್ಟು, ಪ್ರತಿದಿನ ನೀರು ಬದಲಿಸಿದ ಮೇಲೆಯೇ ಅಡುಗೆಗೆ ಬರುವುದು. ಕ್ರಮ ಗೊತ್ತಿಲ್ಲದ ಮನೆಗೆ ಹೋದರೂ ಕೆಡುಕಾಗದಂತೆ ಹೀಗೆ ಮೂರು ದಿನ ನೀರಿನಲ್ಲಿಟ್ಟು ತೆಗೆದದ್ದನ್ನೇ ಡಬ್ಬಿಯಲ್ಲಿ ಕೊಡಿ.

ಒಟ್ಟಿಗೆ ಉಣ್ಣುವುದು

ತಿಂಗಳಿಗೊಂದು ಊಟ ಒಟ್ಟಿಗೆ ಆದರೆ, ಯಾವ ಬೆಳೆಯನ್ನು ಯಾವ ಮನೆಯಲ್ಲಿ ಹೇಗೆ ತಿನ್ನುತ್ತಾರೆಂಬುದು ಎಲ್ಲರಿಗೂ ತಿಳಿಯುತ್ತದೆ. ಇಲ್ಲೊಂದು ತೊಡಕನ್ನು ಮುಚ್ಚಿಡದೆ ಹೇಳಬೇಕು. ಹಸಿ ತರಕಾರಿಗೆ ಇಲ್ಲದ ಜಾತಿ, ಮಡಿ ಅದು ಬೆಂದ ಕೂಡಲೇ ಹುಟ್ಟಿಕೊಳ್ಳುತ್ತದೆ. ಒಂದು ಮನೆಯಲ್ಲಿ ಅಡುಗೆ ಮಾಡಿ ಉಳಿದವರನ್ನು ಕರೆದರೆ ಯಾರು ಬರುವುದಿಲ್ಲವೆಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಶಾಲೆಯ ಅಂಗಳದಂಥ ಸಾರ್ವಜನಿಕ ಜಾಗದಲ್ಲಿ, ಎಲ್ಲ ಮನೆಯವರೂ ಹೆಚ್ಚುವ, ಅರೆಯುವ, ಬೇಯಿಸುವ ಕೆಲಸದಲ್ಲಿ ಸರದಿಯಂತೆ ಕೈಹಾಕಿದಾಗ ನಮ್ಮಲ್ಲಿ ಮೊದಲ ಸಲ ಏಳು ಮನೆಯವರು ಕುಳಿತು ಉಂಡರು. ಉಳಿದ ಮೂರು ಮನೆಯವರಲ್ಲಿ ಇಬ್ಬರು ನಂತರ ಬಂದರು, ಒಬ್ಬರು ಈಗಲೂ ತರಕಾರಿ ಕಳಿಸುತ್ತಾರೆ, ತಾವು ಬರುವುದಿಲ್ಲ. ಅವರ ತರಕಾರಿಯನ್ನು ಹಿಂದಿರುಗಿಸಿಲ್ಲ.

ಮಳೆಗಾಲದ ಊಟಕ್ಕೆ ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಬೇಯಿಸುವ ಪತ್ರೊಡೆಯಿಂದ ಆರಂಭಿಸಬಹುದು, ಏಕೆಂದರೆ ಅದಕ್ಕೆ ಹಲವು ಕೈಗಳು ಬೇಕು. ಎರಡು ಲೋಟ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಹತ್ತು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಜೀರಿಗೆ, ಅರ್ಧ ಹೋಳು ತೆಂಗಿನಕಾಯಿ, ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣು, ಸ್ವಲ್ಪ ಬೆಲ್ಲ, ಉಪ್ಪು ಸೇರಿಸಿ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ರುಬ್ಬಬೇಕು. ಹುಣಸೆಯ ಬದಲು ವಾಟೆಹುಳಿಯನ್ನೋ ಮುರುಗಲನ್ನೋ ಹಾಕಬಹುದು, ಆದರೆ ಹುಳಿಯನ್ನು ಕಡಿಮೆ ಮಾಡುವಂತಿಲ್ಲ: ಕೆಸುವಿನ ತುರಿಕೆಯನ್ನು ತಡೆಯುವುದು ಅದು. ಎಲೆಯ ಹಿಂಬದಿಯ ದಪ್ಪ ನಾರನ್ನು ಕತ್ತಿಯಿಂದ ಸವರಿ, ಹಿಂಬದಿಗೇ ಹಿಟ್ಟು ಹಚ್ಚಿ, ಅದರ ಮೇಲೆ ಇನ್ನೊಂದು ಎಲೆ, ಹೀಗೆ ನಾಲ್ಕೈದು ಎಲೆ ಜೋಡಿಸಿ, ಅಂಚು ಮಡಚಿ, ಬಿಗಿಯಾಗಿ ಸುತ್ತಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಬೇಕು. ಆತುರದಲ್ಲಿ ಅರ್ಧ ಗಂಟೆಗೆ ಇಳಿಸಿದ್ದರಿಂದ ಒಮ್ಮೆ ಇಡೀ ಪಂಕ್ತಿಯೇ ಗಂಟಲು ಕೆರೆದುಕೊಂಡದ್ದುಂಟು. ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದರೆ ರುಚಿ ಇನ್ನೂ ಮೇಲು. ಬದಿಗೆ ಗದ್ದೆಯಂಚಿನ ಒಂದೆಲಗದ ತಂಬುಳಿ ಇರಲಿ: ಒಂದು ಹಿಡಿ ಎಲೆಯನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಕದಡಿದರೆ ಆಯಿತು, ಕುದಿಸಬಾರದು.

ಬಲಿತು ಹಣ್ಣಾದ ಸೌತೆಕಾಯಿಯನ್ನು ಎಸೆಯುವ ಅಭ್ಯಾಸ ಹೆಚ್ಚುತ್ತಿದೆ. ಬೀಜ ತೆಗೆದ ಮೇಲೆ ಉಳಿದ ತಿರುಳನ್ನು ತುರಿದು, ನೆನೆಸಿದ ಅಕ್ಕಿಯೊಂದಿಗೆ ನೀರು ಹಾಕದೆ ರುಬ್ಬಿದರೆ ದೋಸೆಯಾಗುತ್ತದೆ, ಬೆಲ್ಲ, ಕಾಯಿ ಸೇರಿಸಿ ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಿದರೆ ಕಡುಬು. ಬೀಜದ ಮನೆಯಲ್ಲಿ ಬೀಜ ತೆಗೆಯುವ ದಿನವನ್ನೇ ಊಟದ ದಿನವಾಗಿ ಮಾಡಿಕೊಂಡರೆ ಎರಡು ಕೆಲಸ ಒಟ್ಟಿಗೆ ಮುಗಿಯುತ್ತವೆ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಹೇಗೂ ಬೇಲಿಯ, ಬೆಟ್ಟದ ಹಲವು ಬಗೆಯ ಸೊಪ್ಪುಗಳನ್ನು ಕೂಡಿಸಿ ಬೇಯಿಸಿ ಗದ್ದೆಗೆ ಚೆಲ್ಲುವ ವಾಡಿಕೆಯಿದೆ. ಆ ಹಿಂದಿನ ದಿನ ಸೊಪ್ಪು ಕೊಯ್ಯಲು ಹಿರಿಯರೊಂದಿಗೆ ಮಕ್ಕಳನ್ನೂ ಕಳಿಸಿ, ಹೆಸರುಗಳನ್ನು ಅದೇ ನೋಟುಪುಸ್ತಕದ ಹಿಂದಿನ ಪುಟದಲ್ಲಿ ಬರೆಸಿ. ನಮ್ಮ ಪುಸ್ತಕದಲ್ಲಿ ಈಗ ಮೂವತ್ತೊಂದು ಹೆಸರುಗಳಿವೆ. ಅದರಲ್ಲಿ ಆರನ್ನು ಆಚೆಮನೆಯ ಅಜ್ಜಿಯೊಬ್ಬರೇ ಗುರುತಿಸಬಲ್ಲರು, ಆದ್ದರಿಂದ ಈ ಸಲ ಆ ಆರು ಗಿಡಗಳ ಬುಡಕ್ಕೆ ಕೆಂಪು ದಾರ ಕಟ್ಟಿ ಬಂದಿದ್ದೇವೆ.